ಬಿಲ್ವದ ಗಿಡಕ್ಕೆ ಲೈನ್ ಕ್ಲಿಯರ್

ಸೊಸೆ ಉಮಾಶ್ರೀ ಟೀವಿಯ ಮೇಲೆ ತೋರಿಸಿದ ಚಿತ್ರವನ್ನು ಸಿದ್ದರಾಮಪ್ಪನವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಆಮೇಲೆ ಕುರ್ಚಿಯಿಂದ ಎದ್ದು ಹೋಗಿ ಹತ್ತಿರ ನಿಂತು ನೋಡಿದರು. ಪರದೆಯ ತುಂಬ ಬೊಟ್ಟುಗಳು. ಕೆಲವು ಸಾಸಿವೆಯಷ್ಟು, ಕೆಲವು ಹೋಳಿಗೆಯಷ್ಟು. ಕೆಂಪು, ಹಳದಿ, ನೀಲಿ. ದುಂಡಗಿನವು, ಚೌಕದವು, ಮೂರು ಮೂಲೆಯವು. ಅವುಗಳ ನಡುವೆ ಅಲ್ಲಲ್ಲಿ ಬಾಣಗಳು ಬೇರೆ.

"ಯಾರೋ ಒಗ್ಗರಣೆ ಮಂಡಕ್ಕಿ ಚೆಲ್ಯಾರಲ್ಲವ್ವಾ," ಎಂದರು. "ಕಸಬರಿಗಿ ತರ್ಲೇನು?"

"ನಗಬ್ಯಾಡ್ರಿ ಮಾವಾರೆ. ಒಂದು ತಿಂಗಳ ಕಷ್ಟ ಐತಿ ಇದ್ರಾಗೆ."

"ಕಷ್ಟ ಕಾಣ್ತೈತಿ. ಗಿಡ ಎಲ್ಲೈತಿ?"

ಸೋಫಾದ ಮೇಲಿದ್ದ ಮಗ ಕೊಟ್ರೇಶ ಕಿಸಕ್ಕನೆ ನಕ್ಕು, ಹೆಂಡತಿ ತಿರುಗಿ ನೋಡಿದ ಕೂಡಲೇ ಫೋನಿನಲ್ಲಿ ಮುಖ ಹುದುಗಿಸಿದ.

ಗಿಡ ಬಾಲ್ಕನಿಯಲ್ಲಿತ್ತು. ಕಾಡುಗೋಡಿಯ ಮೆಟ್ರೋ ನಿಲ್ದಾಣದಿಂದ ಕೂಗಳತೆಯಲ್ಲಿರುವ ಆ ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿಯಲ್ಲಿ, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನೊಳಗೆ, ಒಂದು ಬಿಲ್ವದ ಗಿಡ. ಸಿದ್ದರಾಮಪ್ಪನವರ ಹೆಂಡತಿ ಚನ್ನಬಸಮ್ಮ ಅದನ್ನು ಬೀಜ ಊರಿ ಎಬ್ಬಿಸಿದ್ದರು. ಆಳೆತ್ತರಕ್ಕೆ ಬಂದು ಪೂಜೆಗೆ ಪತ್ರೆ ಕೊಡತೊಡಗಿದಾಗ ಆಕೆ, "ಇನ್ನ ನಾನು ಇಲ್ದಿದ್ರೂ ನಿಮ್ಮ ಲಿಂಗಪ್ಪಗ ಪತ್ರಿ ತಪ್ಪಂಗಿಲ್ಲ ಬಿಡ್ರಿ," ಎಂದು ತಮಾಷೆ ಮಾಡಿದ್ದರು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಆಕೆ ಲಿಂಗೈಕ್ಯರಾದರು. ಗಿಡ ಬೇಸಿಗೆಯನ್ನು ಹೇಗೋ ದಾಟಿತು. ದೀಪಾವಳಿಯ ಹೊತ್ತಿಗೆ ಎಲೆ ಹಳದಿ ತಿರುಗಿತು. ಈಗ ಸಂಕ್ರಾಂತಿಯೂ ಮುಗಿದಿತ್ತು, ಗಿಡ ದಿನಕ್ಕಿಷ್ಟು ಉದುರಿಸುತ್ತ ಬರಿಯ ಮುಳ್ಳಾಗುತ್ತಿತ್ತು.

ಬರುವ ತಿಂಗಳು ಆಕೆಯ ವರ್ಷದ ಪುಣ್ಯಸ್ಮರಣೆ. ಆ ದಿನ ಆಕೆ ಬೆಳೆಸಿದ ಗಿಡದ ಪತ್ರೆಯೇ ಲಿಂಗಕ್ಕೆ ಏರಬೇಕೆಂಬುದು ಸಿದ್ದರಾಮಪ್ಪನವರ ಆಸೆ. ಅದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ಬಾಲ್ಕನಿಗೆ ಹೋಗಿ ನಿಲ್ಲುವುದನ್ನು ಮನೆಯವರೆಲ್ಲ ಕಂಡಿದ್ದರು.

ಗಿಡ ಯಾಕೆ ಸೊರಗುತ್ತಿದೆ ಎಂಬುದಕ್ಕೆ ಮನೆಯಲ್ಲಿ ತಲೆಗೊಂದು ಅಭಿಪ್ರಾಯವಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಕೊಟ್ರೇಶ, ಬೋರಿನ ನೀರು ಗಡಸಾಗಿದೆ ಎನ್ನುತ್ತಿದ್ದ. ಸಿದ್ದರಾಮಪ್ಪನವರು, ಎದುರಿಗೆ ಎದ್ದ ಹೊಸ ಕಟ್ಟಡ ಬಿಸಿಲು ನುಂಗಿದೆ ಎನ್ನುತ್ತಿದ್ದರು. ಪಕ್ಕದ ಬೀದಿಯ ಪಿಳ್ಳಮ್ಮನ ಪ್ರಕಾರ ಅದು ದೃಷ್ಟಿ. ಪಿಳ್ಳಮ್ಮ ಕಾಡುಗೋಡಿಯ ಹಳೆಯ ಒಕ್ಕಲು ಮನೆತನದಾಕೆ. ಈ ಅಪಾರ್ಟ್‌ಮೆಂಟು ನಿಂತ ನೆಲದಲ್ಲಿ ಒಂದು ಕಾಲಕ್ಕೆ ರಾಗಿ ಬಿತ್ತಿದ್ದವಳು, ಈಗ ಮೂರು ಅಂತಸ್ತಿನ ಬಾಡಿಗೆ ಮನೆಗಳ ಒಡತಿ. ಚನ್ನಬಸಮ್ಮನಿಗೆ ಈ ಊರಿನಲ್ಲಿ ದೊರೆತ ಒಬ್ಬಳೇ ಗೆಳತಿ. ಗೆಳತಿ ಹೋದ ಮೇಲೂ ಆಕೆ ಬರುವುದು ಬಿಟ್ಟಿರಲಿಲ್ಲ.

"ಎಲ್ಲಾರೂ ಹೇಳೋದು ಹೇಳಿ, ನಾನು ಅಳೆದು ನೋಡ್ತೀನಿ," ಎಂದಳು ಉಮಾಶ್ರೀ. ಮಾರತ್ತಹಳ್ಳಿಯ ಆಫೀಸಿನಲ್ಲಿ ಅವಳ ಕೆಲಸವೇ ಅದು. ಕಂಪನಿಗಳ ರಾಶಿ ಅಂಕಿಗಳನ್ನು ತೆಗೆದುಕೊಂಡು, ಒಂದೇ ನೋಟಕ್ಕೆ ತಿಳಿಯುವ ಚಿತ್ರ ಮಾಡಿಕೊಡುವುದು. ಮಣ್ಣಿಗೆ ಚುಚ್ಚುವ ಒಂದು ಕಡ್ಡಿಯನ್ನು ತರಿಸಿದಳು. ಅದು ತೇವವನ್ನು ಅಳೆದು ಅವಳ ಫೋನಿಗೆ ಕಳಿಸುತ್ತಿತ್ತು. ಉದುರಿದ ಎಲೆಗಳನ್ನು ದಿನವೂ ಎಣಿಸಿ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಅತ್ತೆಯ ಗಿಡದ ಎಲೆಯನ್ನು ಕಸಕ್ಕೆ ಹಾಕಲು ಅವಳಿಗೆ ಕೈ ಬಂದಿರಲಿಲ್ಲ.

"ಗಿಡಕ್ಕೂ ಥರ್ಮಾಮೀಟರ್ ಇಟ್ಟಿಯೇನವ್ವಾ? ಜ್ವರ ಎಷ್ಟೈತಿ?" ಎಂದು ಮಾವ ಕೇಳಿದರೆ, "ನಿಮಗಿಂತ ಕಡಿಮೆ ಐತ್ರಿ, ಅದು ಚಾ ಬಿಸಿ ಇಲ್ಲ ಅಂತ ಸಿಟ್ಟಾಗಂಗಿಲ್ಲ," ಎಂದು ಸೊಸೆ ಉತ್ತರಿಸುತ್ತಿದ್ದಳು.

ಮೊದಲು ಅವಳು ಒಂದೊಂದನ್ನೇ ಹಿಡಿದು ನೋಡಿದಳು. ಬಿಸಿಲು ಕಡಿಮೆಯಾದ ದಿನ ಎಲೆ ಹೆಚ್ಚು ಉದುರುತ್ತದೆಯೇ? ಕೆಲವೊಮ್ಮೆ ಹೌದು, ಕೆಲವೊಮ್ಮೆ ಇಲ್ಲ. ಬೋರಿನ ನೀರು ಬಂದ ದಿನ? ಹಾಗೂ ಇಲ್ಲ, ಹೀಗೂ ಇಲ್ಲ. ಒಂದೊಂದಾಗಿ ಕೇಳಿದರೆ ಯಾವುದೂ ಬಾಯಿ ಬಿಡುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು ಎಂದು ಅವಳು ತೀರ್ಮಾನಿಸಿದಳು. ಅದರ ಫಲವೇ ಈ ಮಂಡಕ್ಕಿ.

"ಕೇಳ್ರಿ ಇಲ್ಲಿ," ಎಂದು ಅವಳು ವಿವರಿಸತೊಡಗಿದಳು. "ಅಡ್ಡಕ್ಕೆ ದಿನ. ಉದ್ದಕ್ಕೆ ಮಣ್ಣಿನ ತೇವ. ಬೊಟ್ಟು ದೊಡ್ಡದಾದಷ್ಟೂ ಅವತ್ತು ಉದುರಿದ ಎಲೆ ಜಾಸ್ತಿ. ಬಣ್ಣ ಅಂದ್ರೆ ಬಿಸಿಲು. ಕೆಂಪಿದ್ರೆ ಚೆನ್ನಾಗಿ ಬಿದ್ದೈತಿ, ನೀಲಿ ಇದ್ರೆ ಬಿದ್ದಿಲ್ಲ. ದುಂಡಗಿದ್ರೆ ಕಾವೇರಿ ನೀರು, ಚೌಕ ಬೋರಿಂದು, ಮೂರು ಮೂಲೆ ಟ್ಯಾಂಕರ್‌ದು."

"ಈ ಬಾಣ?"

"ಬಾಣ ಗಾಳಿ." ಅವಳು ಕ್ಷಣ ತಡೆದಳು. "ಅದು ಸ್ವಲ್ಪ ಜಾಸ್ತಿ ಆಯ್ತು ಅಂತ ನನಗೂ ಅನ್ಸ್ತೈತಿ."

"ಮದುವಿ ಆಲ್ಬಮ್ಮಿಗೂ ಇಷ್ಟು ಬಣ್ಣ ಹಾಕ್ಸಿರಲಿಲ್ಲ ನಾವು," ಎಂದ ಕೊಟ್ರೇಶ.

"ನೀವು ಸುಮ್ನಿರಿ. ಇಲ್ಲಿ ನೋಡಿ, ಎಲೆ ಜಾಸ್ತಿ ಉದುರಿದ ದೊಡ್ಡ ಬೊಟ್ಟುಗಳೆಲ್ಲ ಮೇಲೇ ಅದಾವೆ. ಅಂದ್ರೆ ಮಣ್ಣು ತೀರಾ ಒದ್ದೆ. ಅದರಾಗೂ ನೀಲಿವೇ ಜಾಸ್ತಿ. ಬಿಸಿಲಿಲ್ಲ, ನೀರು ಆರಂಗಿಲ್ಲ, ಬೇರು ಕೊಳೀತೈತಿ. ಆದ್ರೆ ನಾನು ಹಾಕೋದು ದಿನ ಬಿಟ್ಟು ದಿನ ಒಂದು ಚೊಂಬು. ಇಷ್ಟು ಒದ್ದೆ ಹೆಂಗೆ? ಮತ್ಯಾರಾದ್ರೂ ನೀರು ಹಾಕ್ತೀರೇನು?"

"ನಾನಂತೂ ಇಲ್ಲಪ್ಪ," ಎಂದ ಕೊಟ್ರೇಶ ಫೋನಿನಿಂದ ತಲೆ ಎತ್ತದೆ.

"ನಾನ್ಯಾಕೆ ಹಾಕ್ಲವ್ವಾ?" ಎಂದಳು, ಆಗಷ್ಟೇ ಬಂದು ಚಹಕ್ಕೆ ಕುಳಿತಿದ್ದ ಪಿಳ್ಳಮ್ಮ. "ಇಂಗೆ ನಿಮ್ಮನೇಗೆ ಬಂದು ನೀರು ಉಯ್ಯಕ್ಕೆ ನಂಗೇನು ಬ್ಯಾರೆ ಕೆಲ್ಸ ಇಲ್ವಾ?"

"ಮಾವಾರೆ?"

"ನಾನು ಗಿಡಕ್ಕ ನೀರು ಹಾಕೋದಿಲ್ಲ," ಎಂದರು ಸಿದ್ದರಾಮಪ್ಪನವರು.

ಅವರು ಸುಳ್ಳಾಡುವವರಲ್ಲ. ದಿನವೂ ಲಿಂಗಪೂಜೆ ಮಾಡುವ ನಾಲಗೆ ಅದು. ಮಾತು ನಿಜವೆಂದೇ ಅವರ ಮನಸ್ಸು ಹೇಳಿತು, ಅವರು ಚಹ ಗುಟುಕರಿಸಿದರು.

"ಹಂಗಾದ್ರೆ ಮೋಡ ಬಾಲ್ಕನಿಯಾಗೇ ಬಿಚ್ಚಿಕೊಂಡೈತೇನೋ," ಎಂದಳು ಉಮಾಶ್ರೀ ಬೇಸರದಿಂದ.

ಸಿದ್ದರಾಮಪ್ಪನವರಿಗೆ ಸೊಸೆಯ ಮುಖ ನೋಡಿ ಕನಿಕರವೆನಿಸಿತು. ಅದರ ಹಿಂದೆಯೇ ಸ್ವಲ್ಪ ಹೆಮ್ಮೆಯೂ ತಲೆಯೆತ್ತಿತು. ಚಿತ್ರ ಬರೆದು ಕಷ್ಟ ಬಗೆಹರಿಸುವುದು ಅವರಿಗೇನು ಹೊಸದಲ್ಲ. ಅವರು ರೈಲ್ವೆಯಲ್ಲಿ ಕಂಟ್ರೋಲರಾಗಿ ನಿವೃತ್ತರಾದವರು. ಗಾಡಿ ಕಣ್ಣಿಗೆ ಕಾಣದ ಕೋಣೆಯಲ್ಲಿ ಕುಳಿತು ಗಾಡಿ ಓಡಿಸುವ ಕೆಲಸ. ಎದುರಿಗೆ ಮೇಜಿನಗಲದ ಕಾಗದ. ಅಡ್ಡಕ್ಕೆ ತಾಸುಗಳು, ಉದ್ದಕ್ಕೆ ಗದಗಿನಿಂದ ಹೊಸಪೇಟೆಯವರೆಗಿನ ಸ್ಟೇಷನ್ನುಗಳು. ಯಾವ ಗಾಡಿ ಯಾವಾಗ ಎಲ್ಲಿ ಮುಟ್ಟಿತು ಎಂದು ಸ್ಟೇಷನ್ನಿನವರು ಫೋನಿನಲ್ಲಿ ಹೇಳಿದಂತೆ ಒಂದೊಂದು ಓರೆ ಗೆರೆ. ಮೇಲ್ ಗಾಡಿಗೆ ಕೆಂಪು, ಪ್ಯಾಸೆಂಜರಿಗೆ ನೀಲಿ. ಗೆರೆ ನೆಟ್ಟಗಿದ್ದರೆ ಗಾಡಿ ಜೋರು, ಮಲಗಿದ್ದರೆ ನಿಧಾನ. ಆಗ ಅದು ಒಂಟಿ ಹಳಿಯ ದಾರಿ. ಮುಂದಿನ ಸ್ಟೇಷನ್ನು ಹಳಿ ಖಾಲಿ ಇದೆ ಎಂದು ಒಪ್ಪಿ ಲೈನ್ ಕ್ಲಿಯರ್ ಕೊಡದೆ ಯಾವ ಗಾಡಿಯೂ ಕದಲುವಂತಿಲ್ಲ. ಇಡೀ ಸೇವೆಯಲ್ಲಿ ತಮ್ಮ ಕಾಗದದ ಮೇಲೆ ಎರಡು ಗಾಡಿ ಒಂದೇ ಹಳಿಗೆ ಬಂದದ್ದಿಲ್ಲ ಎಂಬುದನ್ನು ಅವರು ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳುತ್ತಿದ್ದರು. ಕೇಳಿದವರು ಬಹಳ ಜನ, ಕೊನೆಯವರೆಗೂ ಕೂತು ಕೇಳಿದವಳು ಚನ್ನಬಸಮ್ಮ ಒಬ್ಬಳೇ.

"ಉಮಾ, ನಿನ್ನ ಚಿತ್ರದಾಗ ಒಂದು ತಪ್ಪೈತಿ," ಎಂದರು. "ದಿನಕ್ಕ ಒಂದೇ ಬೊಟ್ಟು ಯಾಕ? ಆ ಕಡ್ಡಿ ಅರ್ಧ ತಾಸಿಗೊಮ್ಮೆ ಸುದ್ದಿ ಕೊಡ್ತೈತಿ ಅಂದಿದ್ಯಲ್ಲ."

"ಹೌದ್ರಿ. ಅದನ್ನೆಲ್ಲ ಕೂಡಿ ದಿನದ ಸರಾಸರಿ ತಗೊಂಡೀನಿ."

"ಸರಾಸರಿ ತಗೊಂಡ್ರ ಮೇಲ್ ಗಾಡಿನೂ ಗೂಡ್ಸೂ ಒಂದೇ ವೇಗದಾಗ ಹೋಗ್ತಾವ. ನನ್ನ ಕಾಗದದಾಗ ಹಂಗ ಬರೆದಿದ್ರ ಕೊಪ್ಪಳದಾಗ ನನ್ನ ಮೆರವಣಿಗಿ ಮಾಡ್ತಿದ್ರು. ಯಾವ ಗಾಡಿ ಎಷ್ಟೊತ್ತಿಗೆ ಬಂತು ಅನ್ನೋದು ಮುಖ್ಯ. ಬಾಣ ತೆಗಿ, ಮೂಲಿ ತೆಗಿ, ಒಂದು ಕಾಗದ ತಾ."

ಉಮಾಶ್ರೀ ಮಾವನನ್ನೇ ನೋಡಿದಳು. ಆಮೇಲೆ ತನ್ನ ಹಣೆಯನ್ನು ತಾನೇ ಮೆಲ್ಲಗೆ ಬಡಿದುಕೊಂಡು ನಕ್ಕಳು. "ಆಫೀಸಿನಾಗೆ ಹೊಸ ಹುಡುಗ್ರಿಗೆ ನಾನೇ ಇದನ್ನ ಹೇಳಿ ಬೈತೀನಿ ಮಾವಾರೆ."

ಅವಳು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಸಿದಳು. ಸಿದ್ದರಾಮಪ್ಪನವರು ಒಳಗಿನಿಂದ ಅಳತೆಪಟ್ಟಿಯನ್ನೂ, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ತಮ್ಮ ಹಳೆಯ ಪೆನ್ಸಿಲನ್ನೂ ತಂದರು. ಅಡ್ಡಕ್ಕೆ ದಿನದ ತಾಸುಗಳು, ಉದ್ದಕ್ಕೆ ದಿನಗಳು. ಮಣ್ಣಿನ ತೇವ ಇದ್ದಕ್ಕಿದ್ದಂತೆ ಏರಿದ ಹೊತ್ತಿಗೆ ಒಂದು ಗುರುತು. ಸ್ವಲ್ಪ ಏರಿದ್ದರೆ ನೀಲಿ, ಬಹಳ ಏರಿದ್ದರೆ ಕೆಂಪು. ಬಿಸಿಲು ಬೀಳದ ದಿನದ ಸಾಲಿಗೆ ಮೊದಲಲ್ಲಿ ಒಂದು ಚುಕ್ಕೆ, ಆ ದಿನ ಉದುರಿದ ಎಲೆಯ ಲೆಕ್ಕಕ್ಕೆ ತಕ್ಕಷ್ಟು ಉದ್ದದ ಗೆರೆ ಬಲಗಡೆಯ ಅಂಚಿನಲ್ಲಿ. ಮಾವನ ಕೈ ಮಾತನ್ನು ಮೀರಿ ಓಡುತ್ತಿತ್ತು. ವರ್ಷದಿಂದ ಈಚೆಗೆ ಅವರು ಹಾಗೆ ಹುಮ್ಮಸ್ಸಿನಿಂದ ಕುಳಿತದ್ದನ್ನು ಯಾರೂ ಕಂಡಿರಲಿಲ್ಲ.

"ಮೊದಲನೇ ದಿನ," ಎಂದು ಉಮಾಶ್ರೀ ಫೋನು ನೋಡಿ ಓದಿದಳು. "ಬೆಳಿಗ್ಗೆ ಏಳೂವರೆ, ನೀಲಿ. ರಾತ್ರಿ ಎಂಟು, ನೀಲಿ. ಎರಡನೇ ದಿನ. ಬೆಳಿಗ್ಗೆ ಏಳೂವರೆ, ನೀಲಿ. ಸಂಜೆ ಐದಕ್ಕೆ ನಂದು. ಮೂರನೇ ದಿನ, ಸೋಮವಾರ. ಬೆಳಿಗ್ಗೆ ಏಳೂವರೆ..."

"ಕೆಂಪು," ಎಂದರು ಸಿದ್ದರಾಮಪ್ಪನವರು, ಅವಳು ಹೇಳುವ ಮೊದಲೇ.

ಹೇಳಿದ ಮೇಲೆ ಅವರ ಕೈ ನಿಧಾನವಾಯಿತು.

"ಕೆಂಪು. ಹತ್ತೂವರೆಗೆ ಇನ್ನೊಂದು. ರಾತ್ರಿ ಎಂಟು. ನಾಲ್ಕನೇ ದಿನ, ಬೆಳಿಗ್ಗೆ..."

"ಚಾ ಆರ್ತೈತಿ," ಎಂದು ಅವರು ಏಳಲು ನೋಡಿದರು.

"ಚಾ ಕುಡಿದಾಯ್ತಲ್ರಿ ಮಾವಾರೆ. ಕೂಡ್ರಿ. ಕಂಟ್ರೋಲರು ಡ್ಯೂಟಿ ನಡುವೆ ಎದ್ದು ಹೋಗ್ತಾರೇನು?"

ಕುಳಿತರು. ಬರೆದರು. ಹಾಳೆ ತುಂಬುವ ಹೊತ್ತಿಗೆ ಗುರುತುಗಳು ಕಂಬ ನೆಟ್ಟಂತೆ ಮೇಲಿಂದ ಕೆಳಗೆ ಸಾಲಾಗಿ ನಿಂತಿದ್ದವು. ಬೆಳಿಗ್ಗೆ ಏಳೂವರೆಯದು ಎಲ್ಲಕ್ಕಿಂತ ನೆಟ್ಟಗೆ, ನೂಲು ಹಿಡಿದಂತೆ. ಸೋಮವಾರಗಳಲ್ಲಿ ಕೆಂಪು. ಬಲಗಡೆಯ ಎಲೆಯ ಗೆರೆಗಳು ಸೋಮವಾರದ ಮರುದಿನವೇ ಉದ್ದವಾಗಿದ್ದವು, ಬಿಸಿಲಿಲ್ಲದ ವಾರವಾದರೆ ಇನ್ನೂ ಉದ್ದ.

ಉಮಾಶ್ರೀ ಹಾಳೆಯ ಮೇಲೆ ಬಾಗಿ, ಸ್ಟೇಷನ್ನಿನಲ್ಲಿ ಕೂಗುವವರ ರಾಗದಲ್ಲಿ ಆರಂಭಿಸಿದಳು. "ಪ್ರಯಾಣಿಕರ ಗಮನಕ್ಕೆ. ಬೆಳಿಗ್ಗೆ ಏಳೂವರೆ ಗಾಡಿ. ದಿನಾ ಐತಿ, ಒಂದು ದಿನಾನೂ ಲೇಟಿಲ್ಲ, ಸೋಮವಾರ ಡಬ್ಬಿ ಜಾಸ್ತಿ. ಮಾವಾರೆ, ಈ ಮನೆಯಾಗೆ ಲೇಟಾಗದ ಗಾಡಿ ಯಾವುದ್ರಿ?"

ಎಲ್ಲರೂ ಸಿದ್ದರಾಮಪ್ಪನವರ ಕಡೆ ನೋಡಿದರು. ಅವರು ಪೆನ್ಸಿಲಿನ ತುದಿಯನ್ನು ನೋಡಿದರು.

"ಅದು ನೀರಲ್ಲವ್ವಾ," ಎಂದರು. "ಪೂಜಿದು. ಲಿಂಗಪ್ಪಗ ಮಜ್ಜನ ಮಾಡಿದ್ದು. ಅದನ್ನ ಕಾಲಾಗ ತುಳಿಯೋ ಕಡೆ ಚೆಲ್ಲಬಾರದು, ಬಚ್ಚಲಕ್ಕೂ ಹಾಕಬಾರದು. ಅದಕ್ಕ ಗಿಡದ ಬುಡಕ್ಕ ಹಾಕ್ತೀನಿ. ಸೋಮವಾರ ಮೂರು ತಂಬಿಗಿ ಮಜ್ಜನ. ಅದು ಗಿಡಕ್ಕ ನೀರು ಹಾಕಿದಂಗಲ್ಲ."

"ಅದು ಗಿಡಕ್ಕೆ ಗೊತ್ತಾಗ್ಬೇಕಲ್ರಿ ಮಾವಾರೆ," ಎಂದಳು ಉಮಾಶ್ರೀ ಮೆತ್ತಗೆ.

ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ಹೆಂಡತಿಯ ಬೆರಳು ರಾತ್ರಿ ಎಂಟರ ಸಾಲಿಗೆ ಜರುಗಿತು. "ಈ ಗಾಡಿ ಪೀಣ್ಯದಿಂದ ಬರ್ತೈತಿ. ಮೆಜೆಸ್ಟಿಕ್ಕಿನಾಗೆ ಬದಲಾಯಿಸಿಕೊಂಡು ಎಂಟಕ್ಕೆ ಮನೆ ಮುಟ್ಟತೈತಿ. ಭಾನುವಾರ ಇರಂಗಿಲ್ಲ."

ಅವನ ನಗು ನಿಂತಿತು. "ಬಾಟಲಿಯಾಗ ಉಳಿದ ನೀರು ಅಷ್ಟೇ ಅದು. ಅವ್ವ ಇದ್ದಾಗ ನೀರು ಉಳಿಸಿ ತಂದ್ರ ಬೈತಿದ್ಲು, ಕುಡಿದೇ ಇಲ್ಲ ಅಂತ. ಈಗ..." ಅವನು ಫೋನನ್ನು ಪಕ್ಕಕ್ಕಿಟ್ಟ. "ಖಾಲಿ ಮಾಡಿ ಒಳಗ ಬರ್ತೀನಿ."

"ಸೋಮವಾರ ಹತ್ತೂವರೆ?"

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡಳು. "ಅದು ಈಸ್ವರನ ಗುಡಿ ತೀರ್ಥ ಕಣವ್ವಾ. ಚನ್ನಬಸಮ್ಮೋರ ಎಸರೇಳಿ ಒಂದು ಚೊಂಬು ಉಯ್ದು ಓಯ್ತೀನಿ. ತೀರ್ಥನ ನೀರು ಅಂತಾರಾ ಯಾರಾದ್ರೂ?"

"ಒಬ್ಬರೂ ನೀರು ಹಾಕಿಲ್ಲ," ಎಂದಳು ಉಮಾಶ್ರೀ. "ಗಿಡ ಮಾತ್ರ ಮುಳುಗೈತಿ."

ನಗಬೇಕೋ ಬೇಡವೋ ತಿಳಿಯದೆ ನಾಲ್ವರೂ ಹಾಳೆಯನ್ನೇ ನೋಡಿದರು. ಒಂಟಿ ಹಳಿಯ ಮೇಲೆ ನಾಲ್ಕು ಗಾಡಿ. ಅದೂ ತಮ್ಮದೇ ಕೈಬರಹದಲ್ಲಿ, ತಮ್ಮದೇ ಪೆನ್ಸಿಲಿನಲ್ಲಿ. ಸಿದ್ದರಾಮಪ್ಪನವರು ಪೆನ್ಸಿಲನ್ನು ಕೆಳಗಿಟ್ಟರು. ಅವಳ ಗಿಡವನ್ನು ಉಳಿಸಿಕೊಡು ತಂದೆ ಎಂದು ಬೇಡಿಕೊಳ್ಳುತ್ತಲೇ ಅದನ್ನು ದಿನವೂ ಕೊಲ್ಲುತ್ತಿದ್ದವರು ತಾವೇ.

"ಆದ್ರ ಆಕಿ ಇದ್ದಾಗ್ಲೂ ಮಜ್ಜನದ ನೀರು ಗಿಡಕ್ಕೇ ಹೋಗ್ತಿತ್ತು," ಎಂದರು ಕೊನೆಗೆ. "ನಾನು ಗಂಗಾಳ ತಂದು ಬಾಲ್ಕನಿ ಕಟ್ಟಿ ಮ್ಯಾಲೆ ಇಡ್ತಿದ್ದೆ. ಆಕಿ ಹಾಕ್ತಿದ್ಲು. ಆವಾಗ ಗಿಡಕ್ಕ ಏನೂ ಆಗಲಿಲ್ಲಲ್ಲ?"

ಪಿಳ್ಳಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ಸೆರಗಿನಲ್ಲಿ ನಿಲ್ಲಲಿಲ್ಲ.

"ಅಯ್ಯೋ ಯಜಮಾನ್ರೇ! ಗಿಡಕ್ಕೆ ಒಂದು ಚಮಚ ಹಾಕಿ, ಮಿಕ್ಕಿದ್ದನ್ನ ಬಿಂದಿಗೇಗೆ ಉಯ್ಕೊಂಡು ಕೆಳಕ್ಕೆ ತರೋರು ಆವಮ್ಮ. ಗೇಟ್ ತಾವ ಒಂಗೆ ಮರ ಐತಲ್ಲಾ, ಅದ್ರ ಬುಡಕ್ಕೆ. ನಾನು ಕಲ್ಲು ಬೆಂಚಿನ್ ಮ್ಯಾಲೆ ಕೂತಿರ್ತಿದ್ದೆ. ದಿನಾ ನಿಮ್ ಸಿವನ ನೀರು ಲಿಫ್ಟ್‌ನಾಗೇ ಇಳೀತಿತ್ತು!"

"ಲಿಫ್ಟಿನಾಗ?" ಎಂದರು ಸಿದ್ದರಾಮಪ್ಪನವರು.

"ಊಂ. ನಾನೇ ಕೇಳ್ದೆ, ಯಾಕವ್ವಾ ಇಂಗೆ ಕದ್ದು ತರ್ತೀಯ, ಯಜಮಾನ್ರಿಗೆ ಏಳ್ಬಾರ್ದಾ ಅಂತ. ಅದಕ್ಕೆ ಅವರಂದ್ರು, ನಮ್ಮೋರು ಕಂಟ್ರೋಲರು ಕಣೆ, ಏಳಿದ್ರೆ ನಾಯಿ ಕರ್ಕೊಂಡು ಓಗೋ ಲಿಫ್ಟ್‌ನಾಗೆ ಪೂಜೆ ನೀರು ಒಯ್ಯಕ್ಕೆ ಲೈನ್ ಕಿಲಿಯರ್ ಕೊಡಾಕಿಲ್ಲ ಅಂತ!"

ಆ ಮಾತು ಪಿಳ್ಳಮ್ಮನ ಬಾಯಿಂದ ಬಂದರೂ ಧಾಟಿ ಚನ್ನಬಸಮ್ಮನದೇ ಆಗಿತ್ತು. ಮದುವೆ ಮುಂಜಿಗಳಲ್ಲಿ ಅವರು ಕಂಟ್ರೋಲಿನ ಕಥೆ ಹೇಳುವಾಗ ಹಿಂದೆ ಕುಳಿತು ಕಣ್ಣಿನಲ್ಲೇ ನಗುತ್ತಿದ್ದ ಧಾಟಿ. ಇಷ್ಟು ವರ್ಷ ತಮ್ಮ ಮನೆಯಲ್ಲಿ ತಮಗೆ ತಿಳಿಯದಂತೆ ದಿನಕ್ಕೊಂದು ಗಾಡಿ ಓಡಿತ್ತು, ಒಮ್ಮೆಯೂ ಅಪಘಾತವಿಲ್ಲದೆ. ಸಿದ್ದರಾಮಪ್ಪನವರು ನಕ್ಕರು. ನಗುತ್ತ ನಗುತ್ತ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಉಮಾಶ್ರೀ ಒಳಗೆ ಹೋಗಿ ಇನ್ನೊಮ್ಮೆ ಚಹಕ್ಕೆ ನೀರಿಟ್ಟಳು.

ಅದೇ ಮಧ್ಯಾಹ್ನ ಕೊಟ್ರೇಶ ಡ್ರಿಲ್ ತಂದು ಡ್ರಮ್ಮಿನ ಬುಡದ ಸುತ್ತ ತೂತು ಹೊಡೆದ. ಕಪ್ಪು ನೀರು ಸಂಜೆಯವರೆಗೂ ಒಸರಿತು. ಬಿಸಿಲು ಸಿಗುವ ಮೂಲೆಗೆ ಡ್ರಮ್ಮನ್ನು ಅಪ್ಪ ಮಗ ಇಬ್ಬರೂ ಸೇರಿ ಜರುಗಿಸಿದರು.

ಮರುದಿನ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಸಿದ್ದರಾಮಪ್ಪನವರು ಬಿಂದಿಗೆ ಹಿಡಿದು ಲಿಫ್ಟಿನ ಮುಂದೆ ನಿಂತರು. ಬಾಗಿಲು ತೆರೆಯಿತು. ಒಳಗೆ ಆರನೆಯ ಮಹಡಿಯ ದೀಪಶ್ರೀ ಎಂಬ ಹುಡುಗಿಯೂ, ಅವಳ ಬಿಳಿಯ ನಾಯಿಯೂ. ಕೆಳಗಿಳಿಯಬೇಕಾದವಳು ಫೋನು ನೋಡುತ್ತ ಮೇಲಕ್ಕೆ ಬಂದುಬಿಟ್ಟಿದ್ದಳು.

"ಬನ್ನಿ ಅಂಕಲ್, ಏನೂ ಮಾಡಲ್ಲ ಇವನು."

ಸಿದ್ದರಾಮಪ್ಪನವರು ಬಿಂದಿಗೆಯನ್ನು ಎದೆಗೆತ್ತರ ಎತ್ತಿ ಹಿಡಿದು ಒಳಗೆ ಕಾಲಿಟ್ಟರು. ನಾಯಿ ಬಿಂದಿಗೆಯನ್ನು ನೋಡಿತು. ಅವರು ಮನಸ್ಸಿನಲ್ಲಿ ಶಿವಶಿವಾ ಎಂದರು. ಈ ನಾಯಿಯೊಳಗೂ ಅವನೇ ಇದ್ದಾನಲ್ಲ, ಲಿಫ್ಟಿನಲ್ಲಿ ಏಕಿರಬಾರದು ಎಂದು ಚನ್ನಬಸಮ್ಮ ಎಂದೋ ಬಗೆಹರಿಸಿಕೊಂಡಿದ್ದಳೇನೋ ಎನಿಸಿತು. ಗೇಟಿನ ಬಳಿ ಹೊಂಗೆಯ ಮರ ದಟ್ಟವಾಗಿ, ಹೊಳೆಯುವ ಎಲೆಗಳಿಂದ ತುಂಬಿ ನಿಂತಿತ್ತು. ಅದರ ನೆರಳಿನಲ್ಲಿ ದಿನವೂ ಓಡಾಡಿದ್ದರೂ, ಅದು ಅಷ್ಟು ಸೊಂಪಾಗಿ ಬೆಳೆದದ್ದು ಯಾರ ಮಜ್ಜನದಿಂದ ಎಂದು ಅವರಿಗೆ ತಿಳಿದಿರಲಿಲ್ಲ.

ದಿನಗಳು ಕಳೆದವು. ಉಮಾಶ್ರೀ ಹಾಳೆಯ ಕೆಳಗೆ ಇನ್ನೊಂದು ಹಾಳೆ ಅಂಟಿಸಿ ಮುಂದುವರಿಸಿದಳು. ಏಳೂವರೆಯ ಸಾಲು ಖಾಲಿಯಾಯಿತು, ಎಂಟರದೂ, ಸೋಮವಾರದ ಹತ್ತೂವರೆಯದೂ ಖಾಲಿಯಾದವು. ಒಂದು ಗುರುವಾರ ಬೆಳಿಗ್ಗೆ ಮಾತ್ರ ಸಣ್ಣ ನೀಲಿ ಗುರುತೊಂದು ಬಿದ್ದಾಗ, "ಇದು ಯಾವ ಸ್ಪೆಷಲ್ ಗಾಡಿ ಮಾವಾರೆ?" ಎಂದು ಕೇಳಿದಳು. "ಒಂದೇ ಚಮಚ," ಎಂದರು ಅವರು. "ಆಕಿನೂ ಹಾಕ್ತಿದ್ಲಂತಲ್ಲ."

ಎಲೆಯುದುರುವುದು ನಿಂತಿತು. ಆದರೆ ಉದುರುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಪುಣ್ಯಸ್ಮರಣೆ ಸೋಮವಾರ ಬಿದ್ದಿತ್ತು. ಸೋಮವಾರ ಬಿಲ್ವ ಕೀಳಬಾರದು, ಚನ್ನಬಸಮ್ಮ ಯಾವಾಗಲೂ ಭಾನುವಾರ ಸಂಜೆಯೇ ಕೀಳುತ್ತಿದ್ದಳು. ಭಾನುವಾರ ಸಂಜೆ ಸಿದ್ದರಾಮಪ್ಪನವರು ತಟ್ಟೆ ಹಿಡಿದು ಬಾಲ್ಕನಿಗೆ ಹೋದರು. ಮುಳ್ಳುಗಳ ನಡುವೆ ಒಂದೇ ಒಂದು ಚಿಗುರು. ಮೂರು ದಳ ಇನ್ನೂ ಬಿಡಿಸಿಕೊಳ್ಳದೆ ತಾಮ್ರದ ಬಣ್ಣದಲ್ಲಿ ಮಡಚಿ ಕುಳಿತಿದ್ದವು. ಅವರು ಕೈ ಮುಂದೆ ಮಾಡಿದರು. ಕೈ ಅಲ್ಲಿಯೇ ನಿಂತಿತು. ಅದನ್ನು ಕಿತ್ತರೆ ನಾಳೆಯ ಪೂಜೆ ಸಲ್ಲುತ್ತದೆ. ನಾಡಿದ್ದು ಗಿಡದಲ್ಲಿ ನೋಡುವುದಕ್ಕೆ ಏನಿರುತ್ತದೆ?

ಬರಿಯ ತಟ್ಟೆ ಹಿಡಿದು ಒಳಗೆ ಬಂದರು. "ನಾಳೆ ಪೂಜಿ ಮಾಡ್ಸೋ ಅಯ್ಯನೋರಿಗೆ ಫೋನ್ ಮಾಡಿ ಹೇಳು ಕೊಟ್ರೇಶಿ, ಬರುವಾಗ ಪ್ಯಾಟಿ ಪತ್ರಿ ತರ್ಲಿ," ಎಂದರು.

ಉಮಾಶ್ರೀ ಅಡುಗೆಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ಎಲೆ. ಇಡೀ ಎರಡು ತಿಂಗಳ ಎಲೆ. ಹಳದಿ, ಕಂದು, ಕೆಲವು ಇನ್ನೂ ಅರೆಹಸಿರು. ಹೆಚ್ಚಿನವು ಮೂರು ದಳ ಬಿಡದೆ ಕೂಡಿಯೇ ಇದ್ದವು.

"ಅತ್ತಿ ಹೇಳ್ತಿದ್ರು," ಎಂದಳು. "ಹೂವು ಬಾಡಿದ್ರೆ ಬ್ಯಾಡ, ಬಿಲ್ವ ಬಾಡಿದ್ರೂ ಬರ್ತೈತಿ, ತೊಳೆದು ಏರಿಸಬೌದು ಅಂತ. ಹೌದೇನ್ರಿ?"

ಸಿದ್ದರಾಮಪ್ಪನವರು ಡಬ್ಬಿಯೊಳಗೆ ಬಗ್ಗಿ ನೋಡಿದರು. ಆ ದಿನ ಪರದೆಯ ಮೇಲೆ ಕಂಡು ಪೊರಕೆ ತರಲೇ ಎಂದು ತಾವು ನಕ್ಕಿದ್ದ ಬೊಟ್ಟುಗಳೆಲ್ಲ ಇಲ್ಲಿದ್ದವು.

"ಹೌದವ್ವಾ," ಎಂದರು. "ಬಿಲ್ವಕ್ಕ ಹಳತು ಅನ್ನೋದಿಲ್ಲ."

ಮರುದಿನ ಅವರು ಒಂದೊಂದೇ ಎಲೆಯನ್ನು ತೊಳೆದು, ಅಂಗೈಯಲ್ಲಿ ಕುಳಿತ ಲಿಂಗಕ್ಕೆ ಒಂದೊಂದೇ ಏರಿಸಿದರು. ಅಯ್ಯನವರು ಮಂತ್ರ ನಿಲ್ಲಿಸಿ ಎರಡು ಸಲ ಕಾಯಬೇಕಾಯಿತು. ಡಬ್ಬಿಯ ತಳ ಕಂಡಾಗ ಉಮಾಶ್ರೀ ಕಿವಿಯ ಹತ್ತಿರ ಬಗ್ಗಿ, "ನನ್ನ ಲೆಕ್ಕ ಎಲ್ಲ ಲಿಂಗಪ್ಪಗೆ ಏರಿಸಿಬಿಟ್ರಿ ಮಾವಾರೆ, ಇನ್ನ ಚಾರ್ಟು ಏನು ನೋಡಿ ಬರೀಲಿ?" ಎಂದಳು.

"ಹೊಸ ಹಾಳಿ ತಗಿ," ಎಂದರು ಅವರು ಕಣ್ಣು ತೆರೆಯದೆ. "ಚಿಗುರು ಬರಕೋ. ಬಾಣ ಮಾತ್ರ ಹಾಕಬ್ಯಾಡ."

ಪೂಜೆ ಮುಗಿಯಿತು. ಸೋಮವಾರದ ಮಜ್ಜನ, ಬಿಂದಿಗೆ ತುಂಬಿತ್ತು. ಅವರು ಬಾಲ್ಕನಿಯ ಮುಂದೆ ಒಂದು ಕ್ಷಣ ನಿಂತರು, ಸೊಸೆಯ ಕಡೆ ನೋಡಿದರು. ಅವಳು ಗಡಿಯಾರ ನೋಡಿ, ಮುಖ ಬಿಗಿ ಮಾಡಿಕೊಂಡು, ಒಂದು ಬೆರಳು ಎತ್ತಿ ತೋರಿಸಿದಳು.

ಅವರು ಗಿಡದ ಬುಡಕ್ಕೆ ಒಂದೇ ಚಮಚ ಹಾಕಿದರು, ಬಿಂದಿಗೆ ಎತ್ತಿಕೊಂಡು ಲಿಫ್ಟಿನ ಕಡೆ ನಡೆದರು.